ಎಂಟನೇ ನಮೂದು

ಮೊದಲು ಮೂಸಬೇಕು.
ಮೊಹರು ಆಮೇಲೆ, ಉದ್ದ ಆಮೇಲೆ,
ದರದ ಮಾತು ಕಟ್ಟಕಡೆಗೆ.
ಹಳೆಯ ಚರ್ಮದ ಹಿಡಿಯಲ್ಲಿ ಬೆವರಿರುತ್ತದೆ,
ಯಾರದೆಂದು ಎಂಬತ್ತು ವರ್ಷದಿಂದ ಬಾಯಿ ಬಿಡದ ಬೆವರು.
ಹುಳಿ ನಾತ ಬಂದರೆ ಕೆಳಗಿಡಿ:
ಅದು ಹೋದ ತಿಂಗಳು ಗೇರುಹಣ್ಣಿನ ರಸದಲ್ಲಿ ನೆನೆಸಿ
ಮುದಿ ಮಾಡಿದ ಮಾಲು.

ಬಂದರಿನ ಗುಜರಿಯ ಅದ್ರಾಮಾಕ
ಗೋಣಿಯಡಿ ನನಗೆಂದೇ ಎತ್ತಿಡುತ್ತಾರೆ.
"ವಾಚಿನ ಮಾಸ್ಟ್ರೇ, ಒಂದು ಬಂದುಂಟು. ಮಿಲಿಟರಿದ್ದೇ."
ಅವರ ಲೆಕ್ಕದಲ್ಲಿ ಗೇಣುದ್ದ ಮೀರಿದ್ದೆಲ್ಲ ಮಿಲಿಟರಿ.
ಗಡಿಯಾರದ ಭೂತಗನ್ನಡಿ ಕಣ್ಣಿಗೆ ಒತ್ತಿ
ಬುಡದಿಂದ ತುದಿಗೆ ಓದುತ್ತೇನೆ.
ಬೆನ್ನಿಗೆ ಗರಗಸದ ಹಲ್ಲಿದ್ದರೆ ಅದು ವಿಮಾನದವನದು,
ಬಿದ್ದಲ್ಲಿ ತಗಡು ಸೀಳಿ ಹೊರಬರಲಿ ಎಂದು.
ಒರೆಯ ಕಿಸೆಯಲ್ಲಿ ಸಾಣೆಕಲ್ಲಿನ ತುಂಡು ಉಳಿದಿದೆಯೋ,
ಉಳಿದಿದ್ದರೆ ಸವೆಯದೆ ಉಳಿದಿದೆಯೋ.
ಸಾಣೆ ಕಂಡ ಅಲಗಿಗೆ ಅರ್ಧ ಬೆಲೆ.
ನಮ್ಮವರಲ್ಲಿ ಒಳ್ಳೆಯ ಚೂರಿ ಎಂದರೆ
ಏನನ್ನೂ ಕೊಯ್ಯದೆ ಮುಪ್ಪಾದದ್ದು.

ಹೀಗೆ ಏಳು ಸೇರಿದವು, ಹಲಸಿನ ಪೆಟ್ಟಿಗೆಯಲ್ಲಿ,
ತೆಳು ಎಣ್ಣೆಯ ಬಟ್ಟೆ ಹೊದ್ದು.

ಎಂಟನೆಯದು ಕಂಡದ್ದು ದಕ್ಕೆಯಲ್ಲಿ,
ರಜೆ ಮುಗಿದು ಬೋಟುಗಳು ಇಳಿದ ವಾರ.
ಜಲಜಕ್ಕನ ಮುಷ್ಟಿಯಲ್ಲಿತ್ತು,
ಅಂಜಲಿನ ಕತ್ತಿನೊಳಗೆ ಅರ್ಧ.
ಮೂರು ತಾಮ್ರದ ರಿವೆಟ್ಟು, ಉಪ್ಪಿಗೆ ಹಸಿರಾಗಿ.
ನಾಲ್ಕು ಬೆರಳಗಲ ಇರಬೇಕಾದ ಅಲಗು
ಬಚ್ಚಲಿನ ಕೊನೆಯ ಸಾಬೂನಿನ ಚೂರಿನ ಹಾಗೆ.
"ಒಮ್ಮೆ ಕೊಡಿ" ಎಂದೆ. ತೊಳೆಯದೆಯೇ ಕೊಟ್ಟರು.
ಪೊರೆ ಒರೆಸಿದೆ, ನನ್ನ ಅಂಗಿಯ ತುದಿಯಲ್ಲಿ:
ಕಾಗೆಯ ಹೆಜ್ಜೆ.
ಇದು ಸರಕಾರದ ಸೊತ್ತೆಂದು ಬ್ರಿಟಿಷರು ಒತ್ತುತ್ತಿದ್ದ
ಮೂರು ಗೆರೆಯ ಬಾಣ.
ಅದರಡಿಯ ಒಂದೇ ಅಕ್ಷರ ಹೇಳಬೇಕಿತ್ತು,
ಹಡಗು ಹತ್ತಿ ಬಂದದ್ದೋ, ಇಲ್ಲಿಯದೇ ಕುಲುಮೆಯದೋ.
ಅಕ್ಷರವನ್ನು ಮೀನು ತಿಂದಿತ್ತು.

"ಅತ್ತೆಯದ್ದು. ಮಾವ ಬಲೆ ಎಳೆಯುವಾಗ ಒಂದು ಡಬ್ಬ ಬಂದಿತ್ತಂತೆ,
ಒಳಗೆ ಇದು, ಮತ್ತೆ ಬಿಸ್ಕುಟು.
ಬಿಸ್ಕುಟನ್ನು ನಾಲ್ಕು ದಿನ ತಿಂದರಂತೆ ಮಾರಾಯ್ರೆ,
ಗೋಡೆಯ ಹಾಗೆ ಇತ್ತಂತೆ."

ಐದು ಸಾವಿರ ಎಂದೆ.
ತಲೆಯನ್ನು ಬೇರೆ ಮಾಡಿ ಪಕ್ಕಕ್ಕಿಟ್ಟರು.
"ಕೊಂಡುಹೋಗಿ ಎಂತ ಕೊಯ್ತೀರಿ?"
"ಕೊಯ್ಯುದಿಲ್ಲ. ಇಡ್ತೇನೆ."
"ಇಟ್ಟು?"
ಎಣ್ಣೆ ಎಂದೆ. ಬಟ್ಟೆ. ಪೆಟ್ಟಿಗೆ. ಭಾನುವಾರ ತೆಗೆದು ನೋಡುವುದು.
ಪಕ್ಕದ ಮಣೆಯ ಲಚ್ಚಿಮಕ್ಕ ತುಳುವಿನಲ್ಲಿ ಏನೋ ಅಂದು
ಸಾಲಿಗೆ ಸಾಲೇ ನಕ್ಕಿತು.
ನನಗೆ ತುಳು ಚೆನ್ನಾಗಿ ಬರುತ್ತದೆ.
ಬಾರದವನಂತೆ ನಿಂತೆ.

ಆಗ ಒಂದು ಕಾಗೆ ಇಳಿಯಿತು, ಕರುಳಿಗೆ.
ಕೆಂಪು ನೀರು ತುಳಿದು ಒಣ ಸಿಮೆಂಟಿನ ಮೇಲೆ
ನಾಲ್ಕಾರು ಹೆಜ್ಜೆ ಒತ್ತಿ ಹಾರಿತು.
ಇಡೀ ದಕ್ಕೆ ಸರಕಾರದ ಸೊತ್ತಾಯಿತು,
ಮುಂದಿನ ಬಕೆಟು ನೀರಿನವರೆಗೆ.

ಮನೆಯಲ್ಲಿ ಫ್ಲಾವಿಯಾ ಪೊಟ್ಟಣ ಬಿಚ್ಚಿದಳು.
"ಇಷ್ಟು ತೆಳು ತುಂಡು ಯಾರು ಮಾಡಿಕೊಟ್ಟದ್ದು?"
ನಾನು ಹೇಳಲಿಲ್ಲ. ಮೀನು ಕಾಯುವಷ್ಟರಲ್ಲಿ ಪುಸ್ತಕ ತೆಗೆದು
ಏಳರ ಕೆಳಗೆ ಗೆರೆ ಎಳೆದು ಬರೆದೆ:

ಎಂಟು. ಅಗಲ ಅಲಗಿನ ಜಾತಿ, ಮರದ ಹಿಡಿ.
ಒರೆ ಇಲ್ಲ. ಮೊಹರು ಅರ್ಧ.
ಮಾಲಕರು ಮಾರುವುದಿಲ್ಲ.
ಅಲಗಿನ ಅಗಲ ಅಳೆಯಲು ಆಗಲಿಲ್ಲ,
ಅಂಜಲು ಅಡ್ಡ ಇತ್ತು.